ಹಂಪಿ, ಬಾದಾಮಿ ಪ್ರವಾಸಕ್ಕೆ ಒಂದೇ ಒಂದು ಪ್ರೈಮ್ ಲೆನ್ಸ್: 35 ಎಂಎಂ ಸೂಕ್ತವೇ, 50 ಎಂಎಂ ಸೂಕ್ತವೇ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರ್ ಕೊನೆಯ ವಾರದಲ್ಲಿ ಅಮ್ಮನನ್ನು ಕರೆದುಕೊಂಡು ಹಂಪಿ, ಬಾದಾಮಿ, ಐಹೊಳೆ ಮತ್ತು ಪಟ್ಟದಕಲ್ಲಿಗೆ ಆರು ದಿನಗಳ ಪ್ರವಾಸ ಹೊರಡುವವಳಿದ್ದೇನೆ. ನನ್ನ ಬಳಿ ನಿಕಾನ್ ಡಿ5600 ಕ್ಯಾಮೆರಾ ಇದೆ. ಅದರ ಜೊತೆಯಲ್ಲಿಯೇ ಬಂದ ಕಿಟ್ ಲೆನ್ಸ್ (18-55 ಎಂಎಂ ಎಎಫ್-ಪಿ ವಿಆರ್) ಬಿಟ್ಟರೆ ಬೇರೆ ಲೆನ್ಸ್ ಇಲ್ಲ. ಈಗ ಮೊದಲ ಬಾರಿಗೆ ಒಂದು ಪ್ರೈಮ್ ಲೆನ್ಸ್ (ಜೂಮ್ ಇಲ್ಲದ, ಒಂದೇ ಎಂಎಂನ ಲೆನ್ಸ್) ಕೊಳ್ಳಬೇಕೆಂದಿದ್ದೇನೆ. ಅದಕ್ಕೆ ಕಾರಣವಾದ ಒಂದು ಚಿತ್ರದ ಬಗ್ಗೆ ಹೇಳಿದರೆ ನನ್ನ ಅಗತ್ಯವೇನು ಎಂಬುದು ನಿಮಗೆ ಸ್ಪಷ್ಟವಾದೀತು.

ಕಳೆದ ವರ್ಷ ಬೇಲೂರಿಗೆ ಹೋಗಿದ್ದೆವು. ಚೆನ್ನಕೇಶವ ದೇವಾಲಯದ ನವರಂಗದಲ್ಲಿ, ಕಡೆದು ಮಾಡಿದಂತೆ ನುಣುಪಾಗಿರುವ ಕಂಬವೊಂದಕ್ಕೆ ಒರಗಿ ನಿಂತು, ಮೇಲಿನ ಮದನಿಕೆಯನ್ನು ಅಮ್ಮ ತಲೆಯೆತ್ತಿ ನೋಡುತ್ತಿದ್ದರು. ಅಮ್ಮನ ಮುಖದಲ್ಲಿ ಆ ಹೊತ್ತು ಮೂಡಿದ್ದ ಬೆರಗನ್ನು ನಾನು ಬೇರೆಲ್ಲೂ ನೋಡಿಲ್ಲ. ಲೆನ್ಸನ್ನು 55 ಎಂಎಂ ತುದಿಗೆ ತಿರುಗಿಸಿ ಚಿತ್ರ ತೆಗೆದೆ. ಎಫ್/5.6, ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 6400, ಶಟರ್ ಸೆಕೆಂಡಿನ 1/15. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದಾಗ ಕಂಬದ ಸುತ್ತಿನ ಸಣ್ಣ ಗೀರುಗಳನ್ನು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟತೆ ಇತ್ತು, ಆದರೆ ಅಮ್ಮನ ಮುಖ ಮಾತ್ರ ಕಲಸಿಹೋಗಿತ್ತು. ಅಂದು ಅದೇ ರೀತಿ ಹಾಳಾದ ಚಿತ್ರಗಳು ಹತ್ತು ಹನ್ನೆರಡಾದರೂ ಇವೆ. ಈ ಬಾರಿಯೂ ಹಾಗಾಗಬಾರದು ಎಂಬುದೇ ನನ್ನ ಆಸೆ. ಅಮ್ಮನಿಗೆ ಈಗ ಎಪ್ಪತ್ತೊಂದು ವರ್ಷ, ಮಂಡಿ ನೋವಿದೆ, ಬಾದಾಮಿಯ ಮೆಟ್ಟಿಲುಗಳನ್ನು ಇನ್ನೊಮ್ಮೆ ಹತ್ತುವ ಅವಕಾಶ ಸಿಗುತ್ತದೆಂದು ಹೇಳಲಾಗದು.

ನನ್ನ ಮುಂದಿರುವ ಆಯ್ಕೆಗಳೆಂದರೆ ನಿಕಾನ್‌ನ 35 ಎಂಎಂ ಎಫ್/1.8ಜಿ ಡಿಎಕ್ಸ್ (ನನ್ನ ಕ್ಯಾಮೆರಾದಂಥ ಸಣ್ಣ ಸೆನ್ಸರಿಗೆಂದೇ ಮಾಡಿದ್ದು) ಹಾಗೂ 50 ಎಂಎಂ ಎಫ್/1.8ಜಿ. ಇವೆರಡರ ಅರ್ಧ ಬೆಲೆಗೆ ಹಳೆಯ 50 ಎಂಎಂ ಎಫ್/1.8ಡಿ ಸಿಗುತ್ತದೆ, ಚಿತ್ರದ ಗುಣಮಟ್ಟದಲ್ಲಿ ವ್ಯತ್ಯಾಸವಿಲ್ಲ ಎಂದು ಒಬ್ಬ ಪರಿಚಿತರು ಹೇಳಿದರು. ಸಹೋದ್ಯೋಗಿಯೊಬ್ಬರು ತಮ್ಮ ಸಿಗ್ಮಾ 18-35 ಎಫ್/1.8 ಲೆನ್ಸನ್ನು ಆ ಆರು ದಿನಗಳ ಮಟ್ಟಿಗೆ ಕೊಡಲು ಸಿದ್ಧರಿದ್ದಾರೆ, ಆದರೆ ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ ನನಗೆ ಧೈರ್ಯವಾಗಲಿಲ್ಲ. ಒಂದೇ ಹೆಗಲಚೀಲದಲ್ಲಿ ಕ್ಯಾಮೆರಾದ ಜೊತೆ ಅಮ್ಮನ ಔಷಧಿ, ನೀರಿನ ಬಾಟಲಿ, ಶಾಲು ಎಲ್ಲವೂ ಇರಬೇಕು. ಇಪ್ಪತ್ತು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾರೆ. ಟ್ರೈಪಾಡ್ ಒಯ್ಯುವ ವಿಚಾರವಿಲ್ಲ. ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ: ಬೆಳಕಿಂಡಿ

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಬೇಲೂರಿನ ಚಿತ್ರದಲ್ಲಿಯೇ ಇದೆ. ಕಂಬ ಸ್ಪಷ್ಟವಾಗಿ ಬಂದು ಮುಖ ಕಲಸಿತು ಎಂದರೆ ನಿಮ್ಮ ಕೈ ನಡುಗಲಿಲ್ಲ ಎಂದರ್ಥ. ಕೈಯ ಅಲುಗಾಟವನ್ನು ಲೆನ್ಸಿನ ವಿಆರ್ ವ್ಯವಸ್ಥೆ ಸರಿದೂಗಿಸಿದೆ. ಅಮ್ಮ ಉಸಿರಾಡುತ್ತಾ, ಕತ್ತು ಹೊರಳಿಸುತ್ತಾ ನಿಂತಿದ್ದುದನ್ನು ಸರಿದೂಗಿಸುವ ಶಕ್ತಿ ಯಾವ ವಿಆರ್‌ಗೂ ಇಲ್ಲ. ಅದಕ್ಕೆ ಬೇಕಾಗಿರುವುದು ಶಟರ್ ವೇಗ. ಶಟರ್ ವೇಗಕ್ಕೆ ಬೇಕಾಗಿರುವುದು ಬೆಳಕು. ಆದ್ದರಿಂದ ಪ್ರೈಮ್ ಲೆನ್ಸನ್ನು ನೀವು ಕೊಳ್ಳುತ್ತಿರುವುದು ಶಿಲ್ಪಗಳಿಗಾಗಿ ಅಲ್ಲ, ಶಿಲ್ಪದ ಪಕ್ಕದಲ್ಲಿ ನಿಂತ ಮನುಷ್ಯರಿಗಾಗಿ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆಯ್ಕೆ ಬಹಳ ಸುಲಭವಾಗುತ್ತದೆ.

ಎಫ್ ಸಂಖ್ಯೆಯ ಲೆಕ್ಕ ಹಲವರಿಗೆ ಒಗಟಿನಂತೆ ಕಾಣುತ್ತದೆ, ಆದರೆ ನೀವು ಹೋಗುತ್ತಿರುವ ಹಂಪಿಯಲ್ಲಿಯೇ ಅದರ ಮೂಲಪಾಠವಿದೆ. ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆ ಕೋಣೆಯಲ್ಲಿ, ಗೋಡೆಯ ಒಂದು ಸಣ್ಣ ಕಿಂಡಿಯ ಮೂಲಕ ಹಾದುಬಂದ ಬೆಳಕು ಎದುರಿನ ಗೋಡೆಯ ಮೇಲೆ ರಾಯಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಪ್ರವಾಸಿಗರಿಗೆ ಅದನ್ನು ತಪ್ಪದೆ ತೋರಿಸುತ್ತಾರೆ. ಅದು ಲೆನ್ಸೇ ಇಲ್ಲದ ಕ್ಯಾಮೆರಾ. ಕಿಂಡಿ ಸಣ್ಣದಾದ್ದರಿಂದ ಗೋಪುರದ ಆಕಾರ ತಿಳಿಯುತ್ತದೆ, ಆದರೆ ಬಿಂಬ ಮಬ್ಬು. ಕೋಣೆಯ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆಯೇ ಅದು ಚೆನ್ನಾಗಿ ಕಾಣುವುದು. ಕಿಂಡಿಯನ್ನು ದೊಡ್ಡದು ಮಾಡಿದರೆ ಬೆಳಕು ಹೆಚ್ಚುತ್ತದೆ, ಆದರೆ ಆಕಾರ ಕದಡಿಹೋಗುತ್ತದೆ. ಕಿಂಡಿಯನ್ನು ದೊಡ್ಡದು ಮಾಡಿಯೂ ಆಕಾರ ಕದಡದಂತೆ ನೋಡಿಕೊಳ್ಳುವುದೇ ಗಾಜಿನ ಕೆಲಸ, ಮತ್ತು ಆ ಕಿಂಡಿ ಎಷ್ಟು ದೊಡ್ಡದು ಎಂಬುದನ್ನೇ ಎಫ್ ಸಂಖ್ಯೆ ಹೇಳುತ್ತದೆ. ಫೋಕಲ್ ಲೆಂತನ್ನು, ಅಂದರೆ ಲೆನ್ಸಿನ ಮೇಲೆ ಬರೆದಿರುವ ಎಂಎಂ ಅಳತೆಯನ್ನು, ಎಫ್ ಸಂಖ್ಯೆಯಿಂದ ಭಾಗಿಸಿದರೆ ಕಿಂಡಿಯ ಅಗಲ ಸಿಗುತ್ತದೆ. ನಿಮ್ಮ ಕಿಟ್ ಲೆನ್ಸ್ 35 ಎಂಎಂನಲ್ಲಿ ಹೆಚ್ಚೆಂದರೆ ಎಫ್/4.5ರ ಆಸುಪಾಸು ತೆರೆಯುತ್ತದೆ. ಅಂದರೆ ಸುಮಾರು 8 ಮಿಲಿಮೀಟರ್, ಒಂದು ಕಡಲೆಕಾಳಿನಷ್ಟು. 35 ಎಂಎಂ ಎಫ್/1.8 ಲೆನ್ಸಿನದು 19 ಮಿಲಿಮೀಟರಿಗಿಂತ ತುಸು ಹೆಚ್ಚು, ಹತ್ತಿರ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು. ಒಳಬರುವ ಬೆಳಕು ಆರು ಪಟ್ಟು.

ನಿಮ್ಮ ಬೇಲೂರಿನ ಚಿತ್ರಕ್ಕೇ ಇದನ್ನು ಅನ್ವಯಿಸೋಣ. ಎಫ್/5.6ಕ್ಕೂ ಎಫ್/1.8ಕ್ಕೂ ನಡುವೆ ಸುಮಾರು ಮೂರೂಕಾಲು ಸ್ಟಾಪ್ ಅಂತರವಿದೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಅಂದರೆ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಅದೇ ನವರಂಗ, ಅದೇ ಐಎಸ್‌ಒ 6400 ಇಟ್ಟುಕೊಂಡರೆ 1/15 ಇದ್ದ ಶಟರ್ ಹೆಚ್ಚುಕಡಿಮೆ 1/150ಕ್ಕೆ ಏರುತ್ತಿತ್ತು. ನಿಂತು ನೋಡುತ್ತಿರುವ ವ್ಯಕ್ತಿಗೆ 1/125 ಧಾರಾಳವಾಗಿ ಸಾಕು. ಅಮ್ಮನ ಮುಖ ಉಳಿಯುತ್ತಿತ್ತು.

ಇನ್ನು 35 ಮತ್ತು 50ರ ನಡುವಿನ ಆಯ್ಕೆ. ನಿಮ್ಮ ಕ್ಯಾಮೆರಾದ ಸೆನ್ಸರ್ 23.5 ಮಿಲಿಮೀಟರ್ ಅಗಲದ್ದು, ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸರಿಗಿಂತ ಒಂದೂವರೆ ಪಟ್ಟು ಕಿರಿದು. ಹಾಗಾಗಿ 35 ಎಂಎಂ ಲೆನ್ಸ್ ಇದರ ಮೇಲೆ ಫುಲ್ ಫ್ರೇಮಿನ 52 ಎಂಎಂ ನೋಟವನ್ನೂ, 50 ಎಂಎಂ ಲೆನ್ಸ್ 75 ಎಂಎಂ ನೋಟವನ್ನೂ ಕೊಡುತ್ತದೆ. ಈ ಸಂಖ್ಯೆಗಳಿಗಿಂತ ಹೆಜ್ಜೆಗಳಲ್ಲಿ ಹೇಳಿದರೆ ಹೆಚ್ಚು ಉಪಯೋಗ. ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಅಮ್ಮ ಅಡಿಯಿಂದ ಮುಡಿಯವರೆಗೆ ಕಾಣುವಂತೆ, ಮೇಲೆ ಕೆಳಗೆ ತುಸು ಜಾಗ ಬಿಟ್ಟು ಚಿತ್ರ ತೆಗೆಯಬೇಕಾದರೆ 35 ಎಂಎಂನಲ್ಲಿ ಮೂರು ಮೀಟರ್ ದೂರ ನಿಂತರೆ ಸಾಕು. 50 ಎಂಎಂನಲ್ಲಿ ನಾಲ್ಕೂಕಾಲು ಮೀಟರ್ ಹಿಂದಕ್ಕೆ ಹೋಗಬೇಕು. ಬಯಲಿನಲ್ಲಿ ಇದು ದೊಡ್ಡ ವಿಷಯವಲ್ಲ. ಆದರೆ ಐಹೊಳೆಯ ದುರ್ಗ ದೇವಾಲಯದ ಪ್ರದಕ್ಷಿಣಾ ಪಥದಲ್ಲಿ, ಒಂದು ಕಡೆ ಶಿಲ್ಪಗಳ ಗೂಡುಗಳು, ಇನ್ನೊಂದು ಕಡೆ ಕಂಬಗಳ ಸಾಲು ಇರುವಲ್ಲಿ, ಆ ಒಂದೂಕಾಲು ಮೀಟರ್ ನಿಮಗೆ ಸಿಗುವುದಿಲ್ಲ; ಬೆನ್ನು ಕಂಬಕ್ಕೆ ತಾಗಿರುತ್ತದೆ. ಬೆಳಕು ಕಡಿಮೆ ಇರುವ ಜಾಗಗಳು ಸಾಮಾನ್ಯವಾಗಿ ಇಕ್ಕಟ್ಟಾದ ಜಾಗಗಳೂ ಆಗಿರುತ್ತವೆ ಎಂಬುದನ್ನು ಲೆನ್ಸ್ ಕೊಳ್ಳುವವರು ಮರೆಯುತ್ತಾರೆ. ನನ್ನ ಮಟ್ಟಿಗೆ 35 ಎಂಎಂ ಪರವಾದ ವಾದ ಅಲ್ಲಿಗೇ ಮುಗಿಯುತ್ತದೆ.

ಸಿಗ್ಮಾ 18-35 ಅತ್ಯುತ್ತಮ ಲೆನ್ಸ್. 2013ರಲ್ಲಿ ಬಂದಾಗ, ಜೂಮಿನ ಉದ್ದಕ್ಕೂ ಎಫ್/1.8 ಕೊಡುವ ಲೆನ್ಸ್ ಎಂದು ಎಲ್ಲರೂ ಅಚ್ಚರಿಪಟ್ಟಿದ್ದರು. ಆದರೆ ಅದರ ತೂಕ 810 ಗ್ರಾಂ. ನಿಮ್ಮ ಡಿ5600 ಬ್ಯಾಟರಿ, ಕಾರ್ಡು ಸೇರಿ 465 ಗ್ರಾಂ. ಕ್ಯಾಮೆರಾಕ್ಕಿಂತ ಲೆನ್ಸೇ ಭಾರವಾಗಿ, ದಿನವಿಡೀ ಕತ್ತು ಜಗ್ಗುತ್ತದೆ. ಅಮ್ಮನಿಗೆ ಒಂದು ಕೈ ಕೊಟ್ಟು ಮೆಟ್ಟಿಲು ಹತ್ತಿಸಬೇಕಾದ ನಿಮಗೆ ಅದು ಬೇಡ. 35 ಎಂಎಂ ಡಿಎಕ್ಸ್ ಲೆನ್ಸಿನ ತೂಕ 200 ಗ್ರಾಂ, ನಿಮ್ಮ ಕಿಟ್ ಲೆನ್ಸಿನಷ್ಟೇ.

ಒಂದು ಎಚ್ಚರಿಕೆ. ನಿಕಾನ್‌ನಲ್ಲಿ 35 ಎಂಎಂ ಎಫ್/1.8ಜಿ ಎಂಬ ಹೆಸರಿನ ಎರಡು ಲೆನ್ಸ್‌ಗಳಿವೆ. 2009ರ ಡಿಎಕ್ಸ್ ಲೆನ್ಸ್ ನಿಮಗೆ ಬೇಕಾದದ್ದು. ಅದರ ಫಿಲ್ಟರ್ ಅಳತೆ 52 ಮಿಲಿಮೀಟರ್. 2014ರಲ್ಲಿ ಬಂದ ಇನ್ನೊಂದು ಫುಲ್ ಫ್ರೇಮಿನದು, ಫಿಲ್ಟರ್ ಅಳತೆ 58, ತೂಕವೂ ಬೆಲೆಯೂ ಹೆಚ್ಚು. ಅದು ನಿಮ್ಮ ಕ್ಯಾಮೆರಾದಲ್ಲಿ ಕೆಲಸ ಮಾಡುತ್ತದೆ, ಆದರೆ ಆ ಹೆಚ್ಚಿನ ಹಣಕ್ಕೆ ನಿಮಗೆ ಸಿಗುವ ಲಾಭ ಅಲ್ಪ. ಬಿಲ್ ಮಾಡಿಸುವ ಮೊದಲು ಡಬ್ಬಿಯ ಮೇಲೆ ಡಿಎಕ್ಸ್ ಎಂದಿದೆಯೇ ಎಂದು ನೋಡಿಕೊಳ್ಳಿ.

ಉತ್ತರ: ಚೌಕಿಮನೆ

ಬೆಳಕಿಂಡಿಯವರ ಮಾತಿಗೆ ನನ್ನ ಸಹಮತವಿದೆ, ಒಂದು ಅಂಶವನ್ನು ಬಿಟ್ಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ಆ ಅರ್ಧ ಬೆಲೆಯ 50 ಎಂಎಂ ಎಫ್/1.8ಡಿ ಬಗ್ಗೆ ಹೇಳಲೇಬೇಕು, ಏಕೆಂದರೆ ಆ ಗುಂಡಿಗೆ ನಾನೇ ಬಿದ್ದಿದ್ದೇನೆ.

ಡಿ ಸರಣಿಯ ಲೆನ್ಸ್‌ಗಳ ಒಳಗೆ ಫೋಕಸ್ ಮೋಟಾರ್ ಇರುವುದಿಲ್ಲ. ಕ್ಯಾಮೆರಾದ ಒಳಗಿನ ಮೋಟಾರ್, ಮೌಂಟಿನಲ್ಲಿ ಚಾಚಿಕೊಂಡಿರುವ ಸಣ್ಣ ಸ್ಕ್ರೂ ಮೂಲಕ ಲೆನ್ಸನ್ನು ತಿರುಗಿಸುತ್ತದೆ. ನಿಕಾನ್‌ನ ಡಿ3000 ಹಾಗೂ ಡಿ5000 ಸರಣಿಯ ಯಾವ ಕ್ಯಾಮೆರಾದಲ್ಲಿಯೂ ಆ ಮೋಟಾರ್ ಇಲ್ಲ, ನಿಮ್ಮ ಡಿ5600ರಲ್ಲಿಯೂ ಇಲ್ಲ. ಲೆನ್ಸ್ ಸರಿಯಾಗಿ ಕೂರುತ್ತದೆ, ಅಪರ್ಚರ್ (ಬೆಳಕಿನ ಕಿಂಡಿ) ಕೆಲಸ ಮಾಡುತ್ತದೆ, ಬೆಳಕಿನ ಮೀಟರ್ ಕೂಡ ಸರಿಯಾಗಿಯೇ ತೋರಿಸುತ್ತದೆ. ಆಟೊಫೋಕಸ್ ಮಾತ್ರ ಇಲ್ಲ. ನಾನು ಕೊಂಡ ಅಂಗಡಿಯಲ್ಲಿ, ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆ ಎಂದಷ್ಟೇ ಹೇಳಿ ಕೊಟ್ಟರು, ಮರಳಿ ಕೊಂಡೊಯ್ದಾಗ ತೆಗೆದುಕೊಳ್ಳಲಿಲ್ಲ. ಒಂದು ಇಡೀ ತಿರುಗಾಟದ ಋತುವಿನಲ್ಲಿ ಕೈಯಿಂದಲೇ ಫೋಕಸ್ ಮಾಡಿದೆ. ಅಭ್ಯಾಸವಿದ್ದವರಿಗೆ ಅದು ಸಾಧ್ಯ, ಆದರೆ ಡಿ5600ರ ಸಣ್ಣ ವ್ಯೂಫೈಂಡರಿನಲ್ಲಿ ಎಫ್/1.8ರ ಫೋಕಸ್ಸನ್ನು ಕಣ್ಣಳತೆಯಲ್ಲಿ ಹಿಡಿಯುವುದು ನಿಜಕ್ಕೂ ಕಷ್ಟ. ನಿಮಗೆ ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದಿರುವ, ಒಳಗೇ ಮೋಟಾರ್ ಇರುವ ಲೆನ್ಸೇ ಬೇಕು. ನಿಮ್ಮ ಪಟ್ಟಿಯಲ್ಲಿರುವ ಎರಡೂ ಜಿ ಲೆನ್ಸ್‌ಗಳು ಎಎಫ್-ಎಸ್, ಆ ಬಗ್ಗೆ ಚಿಂತೆ ಬೇಡ.

ಎರಡನೆಯದು, ಎಫ್/1.8 ಇದೆ ಎಂದು ಸದಾ ಎಫ್/1.8ರಲ್ಲಿಯೇ ತೆಗೆಯುವ ಚಟ. ನಾನು ಹೆಚ್ಚಾಗಿ ಚಿತ್ರ ತೆಗೆಯುವುದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಬಣ್ಣದ ಮನೆಯಲ್ಲಿ. ಕಲಾವಿದರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎಡಗೈಯಲ್ಲಿ ಕನ್ನಡಿ ಹಿಡಿದು, ಬಲಗೈಯ ಕಡ್ಡಿಯಿಂದ ಮುಖಕ್ಕೆ ಒಂದೊಂದೇ ಚುಟ್ಟಿ (ಅಕ್ಕಿಹಿಟ್ಟಿನ ಚುಕ್ಕೆ) ಇಡುವ ದೃಶ್ಯವನ್ನು ಮೊದಲ ಬಾರಿ 50 ಎಂಎಂನಲ್ಲಿ ತೆಗೆದಾಗ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅದ್ಭುತವಾಗಿ ಕಂಡಿತ್ತು. ಕಂಪ್ಯೂಟರಿನಲ್ಲಿ ನೋಡಿದರೆ ಕಡ್ಡಿಯ ತುದಿಯ ಅಕ್ಕಿಹಿಟ್ಟಿನ ಹನಿ ಸ್ಫುಟವಾಗಿದೆ, ಕಣ್ಣು ಮಬ್ಬಾಗಿದೆ. ಒಂದೂವರೆ ಮೀಟರ್ ದೂರದಿಂದ, ನಮ್ಮ ಅಳತೆಯ ಸೆನ್ಸರಿನಲ್ಲಿ, 50 ಎಂಎಂ ಎಫ್/1.8ಕ್ಕೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು ಆರೂವರೆ ಸೆಂಟಿಮೀಟರ್ ಮಾತ್ರ. ಕೈಗೂ ಕಣ್ಣಿಗೂ ನಡುವೆ ಅದಕ್ಕಿಂತ ಹೆಚ್ಚು ಅಂತರವಿರುತ್ತದೆ. 35 ಎಂಎಂ ಇಲ್ಲಿ ಹೆಚ್ಚು ಕ್ಷಮಾಗುಣವುಳ್ಳ ಲೆನ್ಸ್: ಎರಡು ಮೀಟರ್ ದೂರದಲ್ಲಿ ಎಫ್/1.8ರಲ್ಲಿಯೇ ಇಪ್ಪತ್ಮೂರು ಸೆಂಟಿಮೀಟರಿನಷ್ಟು ಆಳ ಸಿಗುತ್ತದೆ. ಒಂದು ಮುಖಕ್ಕೆ ಅದು ಸಾಕು. ಆದರೂ ಅಮ್ಮನ ಜೊತೆಗೆ ಶಿಲ್ಪವೂ ತಿಳಿಯಬೇಕಾದರೆ ಎಫ್/2.8ಕ್ಕೆ ಇಳಿಸಿ. ಕತ್ತಲೆ ತೀರಾ ಹೆಚ್ಚಿದ್ದಾಗ ಮಾತ್ರ 1.8.

ಈಗ ನನ್ನ ಭಿನ್ನಾಭಿಪ್ರಾಯ. ಅಮ್ಮನ ಮುಖದ ಹತ್ತಿರದ ಚಿತ್ರಕ್ಕೆ 50 ಎಂಎಂ ಕೊಡುವ ಮುಖಲಕ್ಷಣವನ್ನು 35 ಕೊಡುವುದಿಲ್ಲ. 35ರಲ್ಲಿ ಮುಖ ಚೌಕಟ್ಟು ತುಂಬಬೇಕಾದರೆ ಒಂದು ಮೀಟರಿಗಿಂತಲೂ ಹತ್ತಿರ ಹೋಗಬೇಕು. ಅಷ್ಟು ಹತ್ತಿರದಿಂದ ಮೂಗು ತುಸು ದೊಡ್ಡದಾಗಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಖದೆದುರು ಕ್ಯಾಮೆರಾ ಬಂದ ಕೂಡಲೇ ಹಿರಿಯರು ಮೈಮರೆತು ನೋಡುವುದನ್ನು ನಿಲ್ಲಿಸಿ ನೆಟ್ಟಗೆ ನಿಂತುಬಿಡುತ್ತಾರೆ. ಆ ಬೆರಗು ಮರೆಯಾಗುತ್ತದೆ. 50ರಲ್ಲಿ ಎರಡು ಹೆಜ್ಜೆ ಹಿಂದೆಯೇ ಉಳಿಯಬಹುದು. ಆದ್ದರಿಂದ ಇಡೀ ಪ್ರವಾಸಕ್ಕೆ ಒಂದೇ ಲೆನ್ಸ್ ಎಂದಾದರೆ 35, ನಿಜ. ಆದರೆ ಮುಖಚಿತ್ರವೇ ಮುಖ್ಯ ಎಂದಾದರೆ 50ನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ.

ತೀರ್ಮಾನಕ್ಕೆ ಒಂದು ಖರ್ಚಿಲ್ಲದ ಉಪಾಯವಿದೆ. ಕಿಟ್ ಲೆನ್ಸಿನ ಜೂಮ್ ರಿಂಗನ್ನು 35ರ ಗುರುತಿಗೆ ತಂದು, ಕಾಗದದ ಟೇಪು ಅಂಟಿಸಿ, ಒಂದು ದಿನ ಹಾಗೆಯೇ ಚಿತ್ರ ತೆಗೆಯಿರಿ. ಮರುದಿನ 50ರಲ್ಲಿ. ಎಲ್ಲಿ ಉಸಿರುಕಟ್ಟಿದಂತಾಯಿತು ಎಂದು ನಿಮಗೇ ಗೊತ್ತಾಗುತ್ತದೆ.

ಉತ್ತರ: ಬಿಸಿಲನಾಡು

ಚರ್ಚೆ ನಿಕಾನ್ ಬಗ್ಗೆ ನಡೆದಿದೆ, ಆದರೂ ಇಲ್ಲಿಯೇ ಕೇಳುತ್ತೇನೆ. ನನ್ನದು ಕ್ಯಾನನ್ 200ಡಿ. ವಿಜಯಪುರಕ್ಕೆ ಹೋಗುವವನಿದ್ದೇನೆ, ಗೋಳಗುಮ್ಮಟದ ಒಳಗೆ ಬೆಳಕು ಕಡಿಮೆ ಎಂದು ಕೇಳಿದ್ದೇನೆ. ಎಲ್ಲರೂ 50 ಎಂಎಂ ಎಫ್/1.8 ಎಸ್‌ಟಿಎಂ ತೆಗೆದುಕೊಳ್ಳಿ ಎನ್ನುತ್ತಾರೆ. ಕ್ಯಾನನ್‌ನಲ್ಲಿ ಆ 35 ಎಂಎಂ ಡಿಎಕ್ಸ್‌ಗೆ ಸಮನಾದದ್ದು ಯಾವುದು?

ಉತ್ತರ: ಬೆಳಕಿಂಡಿ

ಬಿಸಿಲನಾಡು ಅವರಿಗೆ: ಅದೇ ಬೆಲೆಗೆ, ಅದೇ ಹಗುರಕ್ಕೆ ನೇರವಾಗಿ ಸಮನಾದ ಲೆನ್ಸ್ ಕ್ಯಾನನ್‌ನ ಆ ಸಾಲಿನಲ್ಲಿ ಇಲ್ಲ. 50 ಎಂಎಂ ಎಸ್‌ಟಿಎಂ ಅಗ್ಗವೂ ಹಗುರವೂ ಹೌದು, 160 ಗ್ರಾಂ; ಆದರೆ ಕ್ಯಾನನ್‌ನ ಸಣ್ಣ ಸೆನ್ಸರಿನಲ್ಲಿ 1.6 ಪಟ್ಟಿನ ಲೆಕ್ಕ ಹಿಡಿಯಬೇಕಾದ್ದರಿಂದ ಅದು 80 ಎಂಎಂ ನೋಟ ಕೊಡುತ್ತದೆ. ಗೋಳಗುಮ್ಮಟದ ಗುಮ್ಮಟದ ವ್ಯಾಸವೇ ಸುಮಾರು 44 ಮೀಟರ್. ಒಳಗೆ ನಿಂತು ಆ ಹರವನ್ನು ಹಿಡಿಯಲು 50 ಎಂಎಂ ತೀರಾ ಬಿಗಿಯಾಗುತ್ತದೆ. ನಾನಾದರೆ ಇಎಫ್-ಎಸ್ 24 ಎಂಎಂ ಎಫ್/2.8 ಎಸ್‌ಟಿಎಂ ತೆಗೆದುಕೊಳ್ಳುತ್ತೇನೆ; 125 ಗ್ರಾಂ ತೂಕದ ರೊಟ್ಟಿಯಂಥ ಚಪ್ಪಟೆ ಲೆನ್ಸ್, 38 ಎಂಎಂ ನೋಟ. ಎಫ್/1.8ಕ್ಕಿಂತ ಬೆಳಕು ಒಂದೂಕಾಲು ಸ್ಟಾಪಿನಷ್ಟು ಕಡಿಮೆ ಎಂಬುದು ನಿಜ. ಫೋಕಲ್ ಲೆಂತ್ ಚಿಕ್ಕದಾದ್ದರಿಂದ ನಿಶ್ಚಲವಾದ ಕಟ್ಟಡವನ್ನು 1/40ರಲ್ಲಿಯೂ ಕೈಯಲ್ಲಿ ಹಿಡಿದು ತೆಗೆಯಬಹುದು.

ಮರುಬರಹ: ತುಂಗಾತೀರ

ಚೌಕಿಮನೆ ಸರ್ ಹೇಳಿದ ಟೇಪಿನ ಪ್ರಯೋಗ ಮಾಡಿದೆ. ಶನಿವಾರ 35, ಭಾನುವಾರ 50. ಹೊರಗೆಲ್ಲೂ ಹೋಗದೆ ಮನೆಯಲ್ಲಿ, ನಮ್ಮ ಬೀದಿಯಲ್ಲಿ, ಸಂತೆಯಲ್ಲಿ ತೆಗೆದೆ. 50ರಲ್ಲಿ ಸಂತೆಯ ಚಿತ್ರಗಳು ಸೊಗಸಾಗಿ ಬಂದವು, ಆದರೆ ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ಹಾಕುವುದನ್ನು ತೆಗೆಯಲು ಹೋದಾಗ ಬೆನ್ನು ಗೋಡೆಗೆ ತಾಗಿ, ಬಾಣಲೆ ಬಂದರೆ ಮುಖವಿಲ್ಲ, ಮುಖ ಬಂದರೆ ಬಾಣಲೆಯಿಲ್ಲ ಎಂಬಂತಾಯಿತು. 35ರಲ್ಲಿ ಎರಡೂ ಬಂದವು. ಇದರ ಜೊತೆಗೆ ಬೇಲೂರು ಪ್ರವಾಸದ ನನ್ನ ಎಲ್ಲ ಚಿತ್ರಗಳ ವಿವರ ತೆರೆದು, ಯಾವುದನ್ನು ಎಷ್ಟು ಎಂಎಂನಲ್ಲಿ ತೆಗೆದಿದ್ದೆ ಎಂದು ನೋಡಿದೆ. ಒಳಾಂಗಣದ ಚಿತ್ರಗಳಲ್ಲಿ ಹೆಚ್ಚಿನವು 24ರಿಂದ 38ರ ನಡುವೆ ಇದ್ದವು. ಮನಸ್ಸು ಗಟ್ಟಿಯಾಯಿತು, 35 ಎಂಎಂ ಡಿಎಕ್ಸ್ ತೆಗೆದುಕೊಳ್ಳುತ್ತಿದ್ದೇನೆ.

ಒಂದೇ ಸಂದೇಹ ಉಳಿದಿದೆ. ನಮ್ಮೂರಿನಲ್ಲಿ ಒಬ್ಬರು ಇದೇ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಡುತ್ತಿದ್ದಾರೆ. ನೋಡಿ ಕೊಳ್ಳುವುದು ಹೇಗೆ?

ಉತ್ತರ: ಚೌಕಿಮನೆ

ಮಲೆನಾಡು, ಕರಾವಳಿಗಳಲ್ಲಿ ಬಳಸಿದ ಲೆನ್ಸ್ ಎಂದರೆ ಮೊದಲು ನೋಡಬೇಕಾದದ್ದು ಫಂಗಸ್. ನಾಲ್ಕು ತಿಂಗಳ ಮಳೆಗಾಲದಲ್ಲಿ ಬೀರುವಿನೊಳಗೆ, ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೇರು ಬಿಡುತ್ತದೆ. ಹಗಲು ಬೆಳಕಿನಲ್ಲಿ ಅದು ಕಾಣುವುದಿಲ್ಲ. ಕತ್ತಲೆ ಕೋಣೆಗೆ ಹೋಗಿ, ಲೆನ್ಸಿನ ಹಿಂಬದಿಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಮುಂಬದಿಯಿಂದ ನೋಡಿ. ಜೇಡರಬಲೆಯಂಥ ಸಣ್ಣ ಎಳೆಗಳು ಗಾಜಿನ ಅಂಚಿನಿಂದ ಒಳಕ್ಕೆ ಚಾಚಿಕೊಂಡಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ, ಅವು ಚಿತ್ರದಲ್ಲಿ ಕಾಣುವುದಿಲ್ಲ.

ಆಮೇಲೆ ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ ಪರೀಕ್ಷಿಸಿ, ಮಾರುವವರ ಕ್ಯಾಮೆರಾದಲ್ಲಿ ನೋಡಿದರೆ ಸಾಲದು. ಲೆನ್ಸಿನ ಫೋಕಸ್ ತುಸು ಹಿಂದೆ ಮುಂದೆ ಬೀಳುತ್ತಿದ್ದರೆ ಅದನ್ನು ಸರಿಹೊಂದಿಸುವ ಸೌಲಭ್ಯ ಡಿ5600ರಲ್ಲಿ ಇಲ್ಲ. ಒಂದು ಅಡಿಕೋಲನ್ನು ಮೇಜಿನ ಮೇಲೆ ಓರೆಯಾಗಿ ಇಟ್ಟು, ನಡುವಿನ ಒಂದು ಅಂಕಿಗೆ ಎಫ್/1.8ರಲ್ಲಿ ಫೋಕಸ್ ಮಾಡಿ ಐದಾರು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಪ್ರತಿಬಾರಿಯೂ ಅದೇ ಅಂಕಿ ಸ್ಪಷ್ಟವಾಗಿದ್ದರೆ ನಿಶ್ಚಿಂತೆಯಿಂದ ಕೊಳ್ಳಬಹುದು. ಕೊಂಡ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಚರ್ಮದ ಚೀಲದಲ್ಲಿ ಇಡಬೇಡಿ.

ಮರುಬರಹ: ತುಂಗಾತೀರ

ಪ್ರವಾಸ ಮುಗಿಸಿ ಬಂದು ಒಂದು ವಾರವಾಯಿತು. ಕೇಳಿ ಸುಮ್ಮನಾಗುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ.

ಆ ಸೆಕೆಂಡ್ ಹ್ಯಾಂಡ್ ಲೆನ್ಸಿನಲ್ಲಿ ಟಾರ್ಚ್ ಹಿಡಿದಾಗ ಅಂಚಿನಲ್ಲಿ ಎಳೆಗಳು ಕಂಡವು. ಕೊಟ್ಟವರಿಗೂ ಅದು ತಿಳಿದಿರಲಿಲ್ಲ. ಹೊಸದನ್ನೇ ಕೊಂಡೆ. ಕ್ಯಾಮೆರಾದ ಆಟೊ ಐಎಸ್‌ಒ ವ್ಯವಸ್ಥೆಯಲ್ಲಿ ಕನಿಷ್ಠ ಶಟರ್ 1/125, ಗರಿಷ್ಠ ಐಎಸ್‌ಒ 6400 ಎಂದು ಇಟ್ಟು, ಅಪರ್ಚರ್ ಒಂದನ್ನು ಮಾತ್ರ ನಾನು ಬದಲಿಸುತ್ತಾ ಹೋದೆ. ಇದರಿಂದ ಅಮ್ಮನ ಕಡೆ ಗಮನ ಕೊಡಲು ಸಾಧ್ಯವಾಯಿತು. ಕತ್ತಲೆಯಿದ್ದಲ್ಲಿ 39 ಫೋಕಸ್ ಬಿಂದುಗಳಲ್ಲಿ ನಡುವಿನದನ್ನೇ ಬಳಸಿದೆ, ಅಂಚಿನ ಬಿಂದುಗಳು ತಡಕಾಡುತ್ತಿದ್ದವು.

ಬಾದಾಮಿಯ ಮೂರನೆಯ ಗುಹೆಯನ್ನು ತಲುಪಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಮೊಗಸಾಲೆಯ ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಂಡ ಮೇಲೆ, ಕಂಬದ ಬೋದಿಗೆಯಲ್ಲಿರುವ ದಂಪತಿ ಶಿಲ್ಪಗಳನ್ನು ಒಂದೊಂದಾಗಿ ನೋಡತೊಡಗಿದರು. ಕ್ರಿ.ಶ. 578ರಲ್ಲಿ ಕೆತ್ತಿಸಿದ್ದು ಎಂದು ನಾನು ಹೇಳಿದಾಗ ಮಾತನಾಡದೆ ಕೈಯೆತ್ತಿ, ಮುಟ್ಟದೆ, ಗಾಳಿಯಲ್ಲಿಯೇ ಆ ಶಿಲ್ಪದ ಬಳುಕನ್ನು ಬೆರಳಿನಿಂದ ಗೀಚಿದರು. ಎಫ್/2.2, 1/125, ಐಎಸ್‌ಒ 1600. ಬೆರಳೂ ಕಣ್ಣೂ ಎರಡೂ ಸ್ಪಷ್ಟವಾಗಿವೆ. ಕೆನ್ನೆಯ ಮೇಲೆ ಕೆಂಪು ಕಲ್ಲಿನಿಂದ ಪ್ರತಿಫಲಿಸಿದ ಬೆಳಕಿದೆ. ಅದನ್ನು ದೊಡ್ಡದಾಗಿ ಮುದ್ರಿಸಿ ನಡುಮನೆಯಲ್ಲಿ ಹಾಕಿದ್ದೇವೆ.

ಲೆನ್ಸಿನ ಎರಡು ದೌರ್ಬಲ್ಯಗಳನ್ನೂ ಹೇಳಬೇಕು. ಗುಹೆಯ ಒಳಗಿನಿಂದ ಹೊರಗಿನ ಆಕಾಶದ ಕಡೆಗೆ ಎಫ್/1.8ರಲ್ಲಿ ತೆಗೆದ ಚಿತ್ರಗಳಲ್ಲಿ ಕಂಬಗಳ ಅಂಚಿಗೆ ನೇರಳೆ ಬಣ್ಣದ ಗೆರೆ ಬಂದಿದೆ. ಎಫ್/2.8ರಲ್ಲಿ ತೆಗೆದವುಗಳಲ್ಲಿ ಅದು ಬಹಳ ಕಡಿಮೆ. ಇನ್ನೊಂದು, ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯ ವರ್ಣಚಿತ್ರಗಳಿಗೆ 35 ಎಂಎಂ ಸಾಲದು. ಅಲ್ಲಿ ಕಿಟ್ ಲೆನ್ಸನ್ನೇ ಹಾಕಿ, 18 ಎಂಎಂನಲ್ಲಿ, ವಿಆರ್ ಇಟ್ಟುಕೊಂಡು 1/10ರಲ್ಲಿ ತೆಗೆದೆ. ಛಾವಣಿಯ ಚಿತ್ರಗಳು ಅಲುಗಾಡುವುದಿಲ್ಲವಾದ್ದರಿಂದ ಚೆನ್ನಾಗಿಯೇ ಬಂತು. ಶಿಲ್ಪಕ್ಕೆ ವಿಆರ್, ಮನುಷ್ಯರಿಗೆ ಬೆಳಕು ಎಂದು ಬೆಳಕಿಂಡಿ ಸರ್ ಹೇಳಿದ್ದು ಆ ಮಂಟಪದಲ್ಲಿ ನಿಂತಾಗ ಪೂರ್ತಿಯಾಗಿ ಅರ್ಥವಾಯಿತು. ತಲೆಕೆಳಗಾದ ಗೋಪುರವನ್ನೂ ಅಮ್ಮನಿಗೆ ತೋರಿಸಿದೆ.

ನನ್ನ ಬಳಿ ಕಿಟ್ ಲೆನ್ಸಿಗಾಗಿ ಕೊಂಡ 55 ಮಿಲಿಮೀಟರಿನ ಸಿಪಿಎಲ್ (ಪ್ರತಿಫಲನ ತಗ್ಗಿಸುವ ಪೋಲರೈಸರ್) ಫಿಲ್ಟರ್ ಇದೆ. ಅದು 35 ಎಂಎಂಗೆ ಕೂರುತ್ತಿಲ್ಲ. ಇನ್ನೊಂದು ಕೊಳ್ಳಬೇಕೇ?

ಉತ್ತರ: ಬೆಳಕಿಂಡಿ

ಬೇಡ. 52ರಿಂದ 55ಕ್ಕೆ ಎಂದು ಕೇಳಿದರೆ ಸ್ಟೆಪ್-ಅಪ್ ರಿಂಗ್ ಸಿಗುತ್ತದೆ, ಇನ್ನೊಂದು ಫಿಲ್ಟರಿಗೆ ಹೋಲಿಸಿದರೆ ತೀರಾ ಅಗ್ಗ. ಅದನ್ನು ಲೆನ್ಸಿಗೆ ತಿರುಗಿಸಿ, ಅದರ ಮೇಲೆ ನಿಮ್ಮ ಫಿಲ್ಟರ್ ಹಾಕಿಕೊಳ್ಳಿ. ಆದರೆ ಸಿಪಿಎಲ್ ಒಂದೂವರೆ ಸ್ಟಾಪಿನಷ್ಟು ಬೆಳಕನ್ನು ನುಂಗುತ್ತದೆ. ಮಂಟಪದೊಳಗೆ ಕಾಲಿಡುವ ಮೊದಲು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ.